ನಮ್ಮ ಜಾಗ, ಅವರ ಕಂಬ: ಮಲೆನಾಡಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಮಾತಿನ ನಡುವೆ, ಪತ್ರದಲ್ಲಿ, ಮದುವೆಮನೆ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಹೆಚ್ಚಿನವು ಕರೆಂಟಿನ ಕಂಬ, ತಂತಿಯ ಬಗ್ಗೆ. ನಮ್ಮ ಕಡೆ ಜಗಳ ಹುಟ್ಟುವುದೂ ಅಲ್ಲೇ ಜಾಸ್ತಿ. ಕೋರ್ಟಿಗೆ ಹೋಗುವ ಮಟ್ಟದ ವಿಷಯವಾದರೆ ವಕೀಲರನ್ನು ಕೇಳಲೇಬೇಕು. ಆದರೆ ಬಹಳಷ್ಟು ವಿಷಯ ಅಲ್ಲಿಗೆ ಹೋಗುವ ಮೊದಲೇ, ಒಂದು ಹಾಳೆ ಅರ್ಜಿಯಲ್ಲಿ ಮುಗಿಯುವಂಥವು.

## ಮೊದಲು ತಿಳಿದಿರಬೇಕಾದದ್ದು

ಗೋಡೆಗೆ ಹೊಡೆದ ಮೀಟರ್ ನಮ್ದಾ, ಮೆಸ್ಕಾಂದಾ?

ಸಾಮಾನ್ಯವಾಗಿ ಮೆಸ್ಕಾಂನದು, ಅಂದರೆ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿಯದು. ಕಂಬದಿಂದ ಮೀಟರ್‌ವರೆಗಿನ ವ್ಯವಸ್ಥೆಯ ಜವಾಬ್ದಾರಿ ಅವರದು, ಮೀಟರ್ ದಾಟಿದ ಮೇಲಿನ ವೈರಿಂಗ್ ನಿಮ್ಮದು. ಹಾಗಂತ ಮೀಟರ್ ಒಡೆದುಹೋದರೆ ನಮಗೇನು ಎನ್ನುವಂತಿಲ್ಲ. ಅದು ನಿಮ್ಮ ಜಾಗದಲ್ಲಿ ಇರುವಷ್ಟು ದಿನ ಜೋಪಾನ ಮಾಡುವ ಹೊಣೆ ನಿಮ್ಮದೇ. ಮಳೆ ನೀರು ತಾಗದ ಕಡೆ, ಓದುವವರ ಕೈಗೆ ಸಿಗುವ ಎತ್ತರದಲ್ಲಿ ಹಾಕಿಸಿಕೊಳ್ಳಿ. ಹಳೇ ಹೆಂಚಿನ ಮನೆಗಳಲ್ಲಿ ಜಗಲಿಯ ಒಳಗಿರುವ ಮೀಟರನ್ನು ಹೊರಗೆ ಹಾಕಿ ಎಂದು ಅವರು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಕಿಲ್ಲ. ಅದು ನಿಯಮದ ಪ್ರಕಾರವೇ ಇದೆ. ಮೀಟರ್ ಸುಟ್ಟುಹೋದರೆ ಪೇಟೆಯಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯ ಒಳಗೆ ಬದಲಿಸಬೇಕು ಎಂದು ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ.

ಅಜ್ಜನ ಕಾಲದಿಂದ ಕಂಬ ಅಂಗಳದಲ್ಲೇ ಇದೆ. ಈಗ ಆ ಜಾಗ ಅವರದ್ದೇ ಆಗಿಬಿಡ್ತಾ?

ಇಲ್ಲ. ಕಂಬ ಅವರದು, ನೆಲ ನಿಮ್ಮದು. ಕಂಪನಿಗೆ ಇರುವುದು ಆ ಜಾಗವನ್ನು ಲೈನಿಗಾಗಿ ಬಳಸುವ ಹಕ್ಕು ಮಾತ್ರ. ಪಹಣಿಯಲ್ಲಿ, ಖಾತೆಯಲ್ಲಿ ಏನೂ ಬದಲಾಗುವುದಿಲ್ಲ. ಇದೇ ಮಾತು ತಿರುಗಿಸಿದರೂ ನಿಜ. ಕಂಬ ನಿಮ್ಮ ನೆಲದಲ್ಲಿದೆ ಎಂದ ಮಾತ್ರಕ್ಕೆ, ಅಥವಾ ಅದನ್ನು ಹಾಕಿಸಲು ನೀವೇ ದುಡ್ಡು ಕಟ್ಟಿದ್ದೀರಿ ಎಂದ ಮಾತ್ರಕ್ಕೆ, ಕಂಬ ನಿಮ್ಮದಾಗುವುದಿಲ್ಲ. ಪಂಪ್‌ಸೆಟ್ಟಿಗೆ ಸ್ವಂತ ಖರ್ಚಿನಲ್ಲಿ ಲೈನ್ ಎಳೆಸಿದವರಿಗೆ ಈ ಮಾತು ಕಹಿ. ಆ ಲೈನಿನಿಂದ ಪಕ್ಕದ ತೋಟಕ್ಕೆ ಸಂಪರ್ಕ ಕೊಟ್ಟಾಗ ಜಗಳ ಶುರುವಾಗುತ್ತದೆ. ಆದರೆ ಕಾನೂನು ಕಂಪನಿಯ ಪರ ಇದೆ.

ಲೈನ್‌ಮನ್ ಕೇಳದೇ ಕಾಂಪೌಂಡ್ ಒಳಗೆ ಬರಬಹುದಾ?

ತಿಳಿಸಿ ಬರಬೇಕು. 2003ರ ವಿದ್ಯುತ್ ಕಾಯ್ದೆಯ 163ನೇ ಕಲಂ ಪ್ರಕಾರ, ಮನೆಯವರಿಗೆ ತಿಳಿಸಿ, ಸರಿಯಾದ ಹೊತ್ತಿನಲ್ಲಿ ಬಂದು ಮೀಟರ್, ತಂತಿ ಪರೀಕ್ಷೆ ಮಾಡುವ ಅಧಿಕಾರ ಅವರಿಗೆ ಇದೆ. ನೀವು ಬಾಗಿಲು ಹಾಕಿಕೊಂಡು ಬಿಡುವುದಿಲ್ಲ ಎಂದರೆ, ಲಿಖಿತ ನೋಟಿಸ್ ಕೊಟ್ಟು 24 ಗಂಟೆ ಕಳೆದ ಮೇಲೆ ಕರೆಂಟ್ ಕಡಿತ ಮಾಡಬಹುದು. ತಂತಿ ಹರಿದು ಬಿದ್ದಾಗ ಬೇಲಿ ಹಾರಿ ಬಂದವನ ಹತ್ತಿರ ಈ ಕಲಂ ಓದಲು ಹೋಗಬೇಡಿ, ಅದು ಬೇರೆ ಮಾತು.

ಕರೆಂಟ್ ಕಳ್ಳತನದ ಅನುಮಾನದ ಮೇಲೆ ನಡೆಯುವ ತಪಾಸಣೆಗೆ ಬಿಗಿ ನಿಯಮವಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಗೆ ಬರುವುದಾದರೆ ಆ ಮನೆಯ ವಯಸ್ಕ ಗಂಡಸೊಬ್ಬರು ಇರಲೇಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ, ಮನೆಯವರಿಗೆ ಕೊಟ್ಟು, ಸಹಿ ಪಡೆಯಬೇಕು. ಓದದೆ ಸಹಿ ಹಾಕಬೇಡಿ.

ನಾವೇ ನಾಲ್ಕು ಜನ ಸೇರಿ ಕಂಬ ಕಿತ್ತು ಪಕ್ಕಕ್ಕೆ ನೆಟ್ಟರೆ?

ಬೇಡ. ಜೀವಕ್ಕೆ ಅಪಾಯ, ಜೊತೆಗೆ ಕೇಸು. ಕಂಪನಿಯ ಮೀಟರ್, ಲೈನಿಗೆ ಅನುಮತಿಯಿಲ್ಲದೆ ಕೈ ಹಾಕಿದರೆ 138ನೇ ಕಲಮಿನಡಿ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

## ಗೋಡೆ, ಮಾಡು, ಗೇಟು

ಮನೆಯಲ್ಲಿ ಯಾರೂ ಇಲ್ಲದಾಗ ಬಂದು ನಮ್ಮ ಗೋಡೆಗೆ ಸ್ಟೇ ವೈರ್ ಕಟ್ಟಿ ಹೋಗಿದ್ದಾರೆ. ಹಿಂಗೆ ಮಾಡಬಹುದಾ?

ಮಾಡುವಂತಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

2006ರಲ್ಲಿ ಕೇಂದ್ರ ಸರ್ಕಾರ ತಂದ ಪರವಾನಗಿದಾರರ (ಅಂದರೆ ಮೆಸ್ಕಾಂನಂಥ ಕಂಪನಿಗಳ) ಕಾಮಗಾರಿ ನಿಯಮಗಳಿವೆ. ಅದರ 3ನೇ ನಿಯಮದ ಪ್ರಕಾರ, ಖಾಸಗಿ ಕಟ್ಟಡದ ಮೇಲೆ ಅಥವಾ ಜಮೀನಿನಲ್ಲಿ ಕಂಬ, ತಂತಿ, ಸ್ಟೇ (ಕಂಬ ವಾಲದಂತೆ ಎಳೆದು ಕಟ್ಟುವ ತಂತಿ) ಏನೇ ಹಾಕುವುದಿದ್ದರೂ ಮೊದಲು ಮಾಲೀಕರ ಅಥವಾ ಅಲ್ಲಿ ವಾಸ ಇರುವವರ ಒಪ್ಪಿಗೆ ಬೇಕು. ನೀವು ತಕರಾರು ಮಾಡಿದರೆ ಕಂಪನಿ ಜಿಲ್ಲಾಧಿಕಾರಿಯಿಂದ, ಅಥವಾ ಸರ್ಕಾರ ಅಧಿಕಾರ ಕೊಟ್ಟ ಬೇರೆ ಅಧಿಕಾರಿಯಿಂದ, ಲಿಖಿತ ಅನುಮತಿ ತರಬೇಕು. ಅನುಮತಿ ಕೊಡುವಾಗ ಪರಿಹಾರವನ್ನೋ, ವರ್ಷದ ಬಾಡಿಗೆಯನ್ನೋ, ಎರಡನ್ನೂ ಸೇರಿಸಿಯೋ ಅವರೇ ಗೊತ್ತು ಮಾಡುತ್ತಾರೆ. ಕೆಲಸ ಮುಗಿದ ಮೇಲೂ ಬಾಗಿಲು ಮುಚ್ಚುವುದಿಲ್ಲ. ಸರಿಯಾದ ಕಾರಣ ತೋರಿಸಿದರೆ, ಹಾಕಿದ್ದನ್ನು ತೆಗೆಯಿರಿ ಅಥವಾ ಬದಲಿಸಿ ಎಂದು ಆದೇಶ ಮಾಡುವ ಅಧಿಕಾರವೂ ಅವರಿಗೆ ಇದೆ. ಆ ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಬಹುದು.

ಇಲ್ಲಿ ಎರಡು ತೊಡಕು. ಒಂದು, ಒಪ್ಪಿಗೆ ಬಾಡಿಗೆದಾರರಿಂದಲೂ ಸಿಗಬಹುದು. ಶಿವಮೊಗ್ಗದಲ್ಲಿ ಮನೆ ಬಾಡಿಗೆಗೆ ಕೊಟ್ಟು ಹಳ್ಳಿಯಲ್ಲಿ ಇರುವವರು ಬಾಡಿಗೆ ಕರಾರಿನಲ್ಲೇ ಒಂದು ಸಾಲು ಬರೆಸಿಕೊಳ್ಳಿ: ನಮ್ಮನ್ನು ಕೇಳದೆ ಇಂಥದ್ದಕ್ಕೆ ಸಹಿ ಹಾಕುವಂತಿಲ್ಲ ಎಂದು. ಎರಡು, ಬಾಯಿಮಾತಿನ ತಕರಾರಿಗೆ ಬೆಲೆ ಕಡಿಮೆ. ‘ಅವತ್ತು ನೀವು ಸುಮ್ನೆ ನಿಂತಿದ್ರಲ್ಲ’ ಎಂದು ಆಮೇಲೆ ಹೇಳುತ್ತಾರೆ. ಗುಂಡಿ ತೋಡುವ ದಿನವೇ ಮೆಸ್ಕಾಂನ ಸೆಕ್ಷನ್ ಆಫೀಸಿಗೆ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಫೋಟೋ ಇರಲಿ.

ಪಕ್ಕದ ಮನೆಯವರ ಸರ್ವಿಸ್ ವೈರ್ ನಮ್ಮ ಅಂಗಳದ ಮೇಲೆ ಹೋಗುತ್ತೆ. ತೆಗೆಸಬಹುದಾ?

ಮೇಲಿನ ನಿಯಮ ಇದಕ್ಕೂ ಸಲ್ಲುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಪಕ್ಕದ ಮನೆಯವರ ಹತ್ತಿರ ಮಾತಾಡಿ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ಒಂದು ಕಂಬ ಜಾಸ್ತಿ ಹಾಕಿದರೆ ಕೆಲಸ ಮುಗಿಯುತ್ತದೆ. ಆ ಕಂಬದ ಖರ್ಚು ಯಾರದು ಎನ್ನುವುದೇ ನಿಜವಾದ ಜಗಳ. ತಂತಿ ಜೋತು ಬಿದ್ದು, ಅಂಗಳದ ಅಡಿಕೆ ಚಪ್ಪರಕ್ಕೆ ತಾಗುವಂತಿದ್ದರೆ ಮಾತ್ರ ಕಾಯಬೇಡಿ. ಅದು ಹಕ್ಕಿನ ಪ್ರಶ್ನೆ ಅಲ್ಲ, ಸುರಕ್ಷತೆಯದು. ಕರೆಂಟಿನ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮನೆ ಮೇಲೆ ಒಂದು ಮಹಡಿ ಎತ್ತಬೇಕು. ಪಕ್ಕದಲ್ಲೇ ಲೈನ್ ಇದೆ. ಎಷ್ಟು ದೂರ ಬಿಡಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಮನೆಗೆ ಬರುವ ಮಾಮೂಲಿ ಎಲ್‌ಟಿ ಲೈನ್ ಆದರೆ ಮಾಡಿನ ಮೇಲ್ತುದಿಯಿಂದ 2.5 ಮೀಟರ್ ಎತ್ತರ, ಪಕ್ಕಕ್ಕೆ 1.2 ಮೀಟರ್. 11 ಕೆವಿ (11,000 ವೋಲ್ಟ್) ಲೈನ್ ಆದರೆ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. 33 ಕೆವಿಗೆ ಮೇಲಕ್ಕೆ ಅಷ್ಟೇ, ಪಕ್ಕಕ್ಕೆ 2 ಮೀಟರ್. ತಂತಿ ಅತಿ ಹೆಚ್ಚು ಜೋತಾಗ ಇಷ್ಟು ಅಂತರ ಉಳಿಯಬೇಕು. ಮಳೆಗಾಲದ ಬೆಳಿಗ್ಗೆ ಟೇಪು ಹಿಡಿದು ಸರಿ ಇದೆ ಎಂದುಕೊಂಡರೆ, ಏಪ್ರಿಲ್ ಮಧ್ಯಾಹ್ನ ತಂತಿ ಇನ್ನೂ ಕೆಳಗೆ ಬಂದಿರುತ್ತದೆ. ಹೆಂಚು ತೆಗೆದು ತಗಡಿನ ಮಾಡು ಎತ್ತರಿಸುವವರು ಇದನ್ನೇ ಮರೆಯುತ್ತಾರೆ.

ಲೈನ್ ಮೊದಲೇ ಇದ್ದು ನೀವು ಆಮೇಲೆ ಕಟ್ಟುವುದಾದರೆ ಕಂಪನಿಗೆ ಮತ್ತು ವಿದ್ಯುತ್ ಪರಿವೀಕ್ಷಕರಿಗೆ ನಕ್ಷೆ ಸಮೇತ ಮೊದಲೇ ಲಿಖಿತವಾಗಿ ತಿಳಿಸಬೇಕು. ನೀವಷ್ಟೇ ಅಲ್ಲ, ನಿಮ್ಮ ಮೇಸ್ತ್ರಿಗೂ ಆ ಹೊಣೆ ಇದೆ. 11 ಕೆವಿ, 33 ಕೆವಿಯಂಥ ಎಚ್‌ಟಿ ಲೈನಿನ ನೇರ ಕೆಳಗೆ ಹೊಸ ಕಟ್ಟಡ ಕಟ್ಟುವಂತೆಯೇ ಇಲ್ಲ.

ಲೈನ್ ಪಕ್ಕಕ್ಕೆ ಹಾಕಿ ಅಂದರೆ ಎಸ್ಟಿಮೇಟ್ ಕೈಗೆ ಕೊಡ್ತಾರೆ. ಅವರ ಲೈನಿಗೆ ನಾವ್ಯಾಕೆ ದುಡ್ಡು ಕೊಡಬೇಕು?

ಯಾರು ಮೊದಲು ಬಂದರು ಎನ್ನುವುದರ ಮೇಲೆ ನಿಲ್ಲುತ್ತದೆ. ಲೈನ್ ಸರಿಯಾದ ಕ್ರಮದಲ್ಲಿ ಹಾಕಿದ್ದು, ಅದು ಹೋದ ಮೇಲೆ ನೀವು ಮನೆ ಕಟ್ಟುತ್ತಿದ್ದೀರಿ ಎಂದರೆ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಮನೆ ಮೊದಲಿದ್ದು ಲೈನ್ ಆಮೇಲೆ ಬಂದಿದ್ದರೆ, ಅದೂ ಅಂತರ ಬಿಡದೆ ಬಂದಿದ್ದರೆ, ನೀವು ಕೊಡಬೇಕಿಲ್ಲ. ಮೇಲೆ ಹೇಳಿದ ಸುರಕ್ಷತಾ ನಿಯಮಗಳಲ್ಲೇ ಒಂದು ಮಾತು ಇದೆ: ಎಸ್ಟಿಮೇಟ್ ಕೊಡುವ ಮೊದಲು, ಲೈನ್ ಕಾನೂನುಬದ್ಧವಾಗಿ ಹಾಕಿದ್ದೇ, ಅರ್ಜಿದಾರರು ನಿಜಕ್ಕೂ ಖರ್ಚು ಕೊಡಬೇಕೇ ಎಂದು ಕಂಪನಿ ನೋಡಬೇಕು. ಹಾಗಾಗಿ ಅರ್ಜಿಯಲ್ಲಿ ಬರೀ ‘ಲೈನ್ ಸ್ಥಳಾಂತರ ಮಾಡಿಕೊಡಿ’ ಎಂದು ಬರೆಯಬೇಡಿ. ಮನೆ ಯಾವ ವರ್ಷದ್ದು, ಲೈನ್ ಯಾವ ವರ್ಷ ಬಂತು, ಈಗ ಅಂತರ ಎಷ್ಟಿದೆ, ಇಷ್ಟನ್ನೂ ಹಾಕಿ. ಪಂಚಾಯಿತಿಯ ಹಳೇ ಕಂದಾಯ ರಸೀದಿ ಮನೆಯ ವಯಸ್ಸಿಗೆ ಸಾಕ್ಷಿ. ಲೈನಿನ ವಯಸ್ಸಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ ಆ ಲೈನಿನ ಮಂಜೂರಾತಿ ಪತ್ರ, ನಕ್ಷೆ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ.

ದುಡ್ಡು ಕಟ್ಟಲೇಬೇಕಾದರೆ, ಕೆಲಸವನ್ನು ಕಂಪನಿಯಿಂದಲೇ ಮಾಡಿಸಬಹುದು. ಇಲ್ಲವೇ ಮೇಲ್ವಿಚಾರಣಾ ಶುಲ್ಕ ಕಟ್ಟಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ನೀವೇ ಮಾಡಿಸಬಹುದು. ಎರಡರ ಲೆಕ್ಕವನ್ನೂ ಕೇಳಿ ನೋಡಿ.

ನಮ್ಮ ಗೇಟಿನ ಎದುರಿಗೇ ಫುಟ್‌ಪಾತ್ ಮೇಲೆ ದೊಡ್ಡ ಬಾಕ್ಸ್ ತಂದು ಕೂರಿಸಿದ್ದಾರೆ!

ಶಿವಮೊಗ್ಗ ಪೇಟೆಯವರ ಪ್ರಶ್ನೆ ಇದು. ಸ್ಮಾರ್ಟ್ ಸಿಟಿ ಪಟ್ಟಿಗೆ ಊರು ಸೇರಿದ್ದು 2016ರಲ್ಲಿ. ಆಮೇಲೆ ತಂತಿಗಳು ನೆಲದ ಒಳಗೆ ಹೋದ ಕಡೆಯಲ್ಲೆಲ್ಲ ಬಾಕ್ಸುಗಳು ನೆಲದ ಮೇಲೆ ಬಂದವು. ಫುಟ್‌ಪಾತ್ ನಿಮ್ಮದಲ್ಲ, ಆದ್ದರಿಂದ ಒಪ್ಪಿಗೆಯ ನಿಯಮ ಇಲ್ಲಿ ನಡೆಯುವುದಿಲ್ಲ. ಆದರೂ ವಿದ್ಯುತ್ ಕಾಯ್ದೆಯ 67ನೇ ಕಲಂ ಪ್ರಕಾರ ಕಂಪನಿ ಆದಷ್ಟು ಕಡಿಮೆ ತೊಂದರೆ ಮಾಡಬೇಕು, ಆದ ತೊಂದರೆಗೆ ಪೂರ್ತಿ ಪರಿಹಾರ ಕೊಡಬೇಕು. ಗಾಡಿ ಹೊರಬರುವ ದಾರಿಗೇ ಅಡ್ಡ ಇದ್ದರೆ ಮಹಾನಗರ ಪಾಲಿಕೆಗೂ ಮೆಸ್ಕಾಂಗೂ ಒಟ್ಟಿಗೇ ಬರೆಯಿರಿ. ಒಬ್ಬರಿಗೆ ಮಾತ್ರ ಬರೆದರೆ ‘ಅದು ಅವರದು’ ಎನ್ನುವ ಉತ್ತರ ಖಾತ್ರಿ.

ಇಂಟರ್‌ನೆಟ್‌ನವರು, ಕೇಬಲ್‌ನವರು ಗೋಡೆಗೆ ಬಾಕ್ಸ್ ಹೊಡೆದು ಹತ್ತು ಮನೆಗೆ ಲೈನ್ ಕೊಟ್ಟಿದ್ದಾರೆ. ಅವರಿಗೂ ಹಕ್ಕಿದೆಯಾ?

ನಿಮ್ಮನ್ನು ಕೇಳದೆ ಇಲ್ಲ. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಖಾಸಗಿ ಜಾಗದಲ್ಲಿ ಟೆಲಿಕಾಂ ಕಂಪನಿ ಉಪಕರಣ ಹಾಕಬೇಕಾದರೆ ಮಾಲೀಕರ ಜೊತೆ ಕರಾರು ಮಾಡಿಕೊಳ್ಳಬೇಕು, ಹಣವನ್ನೂ ಮಾತಾಡಿಕೊಳ್ಳಬೇಕು. ನೀವು ಕೊಡದೇ ಇದ್ದಾಗ ಸಾರ್ವಜನಿಕ ಹಿತಕ್ಕೆ ಬೇಕೇ ಬೇಕು ಎಂದು ಸರ್ಕಾರ ನಡುವೆ ಬರುವ ದಾರಿಯೂ ಆ ಕಾಯ್ದೆಯಲ್ಲಿದೆ. ಆದರೆ ಓಣಿಯ ಕೇಬಲ್ ಬಾಕ್ಸಿಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ತೆಗೆಯಲು ದಿನ ಗೊತ್ತು ಮಾಡಿ ಪತ್ರ ಕೊಡಿ. ಇಲ್ಲವೇ ನಿಮ್ಮ ಮನೆಗೆ ನೆಟ್ ಫ್ರೀ ಕೊಡಿ ಎಂದು ಕೇಳಿ, ತಪ್ಪೇನಿಲ್ಲ.

## ಮರ ಮತ್ತು ತೋಟ

ಮಳೆಗಾಲಕ್ಕೆ ಮುಂಚೆ ಬಂದು ಲೈನಿಗೆ ತಾಗುತ್ತೆ ಅಂತ ಹಲಸಿನ ಮರದ ಅರ್ಧ ಕಡಿದು ಹೋದರು. ಕೇಳುವವರೇ ಇಲ್ಲವಾ?

ಗೆಲ್ಲು ಸವರುವುದು ಬೇಕೇ ಬೇಕಾದ ಕೆಲಸ. ಆಗುಂಬೆ, ಹುಲಿಕಲ್ ಕಡೆಯ ಗಾಳಿಮಳೆಯಲ್ಲಿ ಒಂದು ಕೊಂಬೆ ಬಿದ್ದರೆ ಇಡೀ ಫೀಡರ್ ದಿನಗಟ್ಟಲೆ ಕತ್ತಲು. ಆದರೆ ಮರವನ್ನೇ ತೆಗೆಯುವುದು ಬೇರೆ. ವಿದ್ಯುತ್ ಕಾಯ್ದೆಯ 68ನೇ ಕಲಂ ಪ್ರಕಾರ ಲೈನಿಗೆ ತೊಂದರೆ ಕೊಡುವ ಮರ ತೆಗೆಸಲು ಕಂಪನಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಥವಾ ಸರ್ಕಾರ ಹೆಸರಿಸಿದ ಅಧಿಕಾರಿಗೆ ಅರ್ಜಿ ಹಾಕಬೇಕು. ಲೈನ್ ಬರುವ ಮೊದಲೇ ಆ ಮರ ಇದ್ದರೆ ಅದರ ಪರಿಹಾರ ಕೊಡಿಸಬೇಕು. ಲೈನ್ ಬಂದ ಮೇಲೆ ನೆಟ್ಟ ಮರಕ್ಕೆ ಈ ಪರಿಹಾರ ಇಲ್ಲ. ಕಡಿದ ಸೊಪ್ಪು, ಸೌದೆ ನಿಮ್ಮದೇ. ಶ್ರೀಗಂಧ, ಬೀಟೆಯಂಥ ಮರವಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕಾಗುತ್ತದೆ.

ಅಡಿಕೆ ತೋಟದ ನಡುವೆ ಹೊಸ ಲೈನ್ ಎಳೆಯುತ್ತಾರಂತೆ. ಮರಕ್ಕೆ ಎಷ್ಟು ಕೇಳಬಹುದು?

ಒಂದು ಮರಕ್ಕೆ ಇಷ್ಟು ಎಂದು ನಾನು ಹೇಳಿದರೆ ಸುಳ್ಳು ಭರವಸೆಯಾಗುತ್ತದೆ. ಮರದ ವಯಸ್ಸು, ಫಸಲು, ಇನ್ನೂ ಎಷ್ಟು ವರ್ಷ ಫಲ ಕೊಡಬಹುದು ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ. ಬೆಲೆ ಕಟ್ಟಲು ತೋಟಗಾರಿಕೆ ಇಲಾಖೆಯವರ ವರದಿ ಮುಖ್ಯ. ನಿಮ್ಮ ಕೆಲಸ ಏನೆಂದರೆ, ಮರ ಕಡಿಯುವ ಮೊದಲು ಪಟ್ಟಿ ಆಗಬೇಕು, ಅದರಲ್ಲಿ ಅಡಿಕೆ ಜೊತೆಗೆ ಕಾಳುಮೆಣಸಿನ ಬಳ್ಳಿ, ಬಾಳೆ, ಏಲಕ್ಕಿಯೂ ಸೇರಬೇಕು. ಅಡಿಕೆ ಮರ ಎಣಿಸಿ ಮೈಮೇಲಿನ ಮೆಣಸಿನ ಬಳ್ಳಿ ಬಿಟ್ಟ ಪಟ್ಟಿಗೆ ಸಹಿ ಹಾಕಿ ಆಮೇಲೆ ಪೇಚಾಡುವವರು ಬಹಳ. ಪಹಣಿಯಲ್ಲಿ ಬೆಳೆ ಕಾಲಂ ಸರಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ತೋಟ ಇದ್ದೂ ಪಹಣಿಯಲ್ಲಿ ಭತ್ತ ಎಂದೇ ಉಳಿದಿರುವ ಜಮೀನು ನಮ್ಮ ಕಡೆ ಕಡಿಮೆ ಏನಲ್ಲ.

ಸಾಧ್ಯವಾದರೆ ಲೈನನ್ನು ತೋಟದ ಅಂಚಿಗೆ, ಬೇಣದ (ಹುಲ್ಲುಗಾವಲಿನ) ಕಡೆಗೆ ತಿರುಗಿಸಿ ಎಂದು ಬದಲಿ ದಾರಿಯ ನಕ್ಷೆ ಕೊಡಿ. ಗೂಟ ಹೊಡೆಯುವ ಮೊದಲು ಕೊಟ್ಟರೆ ಕೇಳುತ್ತಾರೆ. ಕಂಬ ನಿಂತ ಮೇಲೆ ಯಾರೂ ಕೇಳುವುದಿಲ್ಲ.

ಲೈನ್ ಕೆಳಗೆ ಕೊನೆ ಕೊಯ್ಯುವಾಗ ದೋಟಿ ತಾಗಿದರೆ ಹೊಣೆ ಯಾರದು?

ಹೊಣೆಯ ಮಾತು ಆಮೇಲೆ. ಅಡಿಕೆ ಕೊನೆ ಇಳಿಸುವ ಈ ಉದ್ದ ಕೋಲು, ಈಗಿನ ಕಾರ್ಬನ್ ಫೈಬರ್ ದೋಟಿ, ಹಗುರ, ಆದರೆ ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯದೂ ಅದೇ ಕತೆ. ಲೈನ್ ಹತ್ತಿರದ ಮರಗಳಿಗೆ ಕೊನೆ ಕೊಯ್ಲು, ಔಷಧಿ ಹೊಡೆಯುವುದು ಇದ್ದರೆ ಮೊದಲೇ ಲೈನ್ ಆಫ್ ಮಾಡಲು ಸೆಕ್ಷನ್ ಆಫೀಸಿಗೆ ಬರೆದು ಕೇಳಿ. ಆಫ್ ಆಗಿದೆ ಎಂದು ಅವರೇ ಹೇಳುವವರೆಗೆ ದೋಟಿ ಎತ್ತಬೇಡಿ. ತಂತಿ ನಿಯಮದಷ್ಟು ಎತ್ತರದಲ್ಲಿ ಇಲ್ಲ ಎನಿಸಿದರೆ ಅಳೆಸಿ. ರಸ್ತೆಯಿಂದ ಆಚೆ, ತೋಟ-ಗದ್ದೆಯ ಮೇಲೆ ಹೋಗುವ 11 ಕೆವಿವರೆಗಿನ ಬರಿ ತಂತಿ ನೆಲದಿಂದ 4.6 ಮೀಟರ್‌ಗಿಂತ ಕೆಳಗೆ ಇರುವಂತಿಲ್ಲ.

## ದೊಡ್ಡ ಲೈನ್, ದೊಡ್ಡ ತಕರಾರು

ಕೆಪಿಟಿಸಿಎಲ್ ಟವರ್ ಲೈನ್ ಬರ್ತಿದೆ. ನಾವು ಒಪ್ಪಿಗೆ ಕೊಡದೇ ಇದ್ದರೆ ನಿಲ್ಲುತ್ತಾ?

ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಪಿಟಿಸಿಎಲ್ ಎಂದರೆ ದೊಡ್ಡ ಲೈನುಗಳಲ್ಲಿ ಕರೆಂಟ್ ಸಾಗಿಸುವ ರಾಜ್ಯದ ಕಂಪನಿ. ವಿದ್ಯುತ್ ಕಾಯ್ದೆಯ 164ನೇ ಕಲಂ ಮೂಲಕ ಹಳೇ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಇಂಥ ಲೈನಿಗೆ ಸರ್ಕಾರ ಕೊಡುತ್ತದೆ. ಆ ಅಧಿಕಾರ ಸಿಕ್ಕಿದ ಮೇಲೆ ಮಾಲೀಕರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಸ್ಟೇ ವೈರಿನ ಉತ್ತರದಲ್ಲಿ ಹೇಳಿದ ಒಪ್ಪಿಗೆಯ ನಿಯಮ ಇಲ್ಲಿ ಕೈಕೊಡುತ್ತದೆ. ಟೆಲಿಗ್ರಾಫ್ ಸೇವೆ ನಿಂತು ವರ್ಷಗಳಾದವು, ಅದರ ಕಾಯ್ದೆ ಮಾತ್ರ ನಮ್ಮ ತೋಟದಲ್ಲಿ ಇನ್ನೂ ಓಡಾಡುತ್ತಿದೆ.

ಹಾಗಾಗಿ ಇಲ್ಲಿ ಜಗಳ ‘ಬೇಡ’ ಎನ್ನುವುದಕ್ಕಲ್ಲ, ‘ಎಲ್ಲಿ’ ಮತ್ತು ‘ಎಷ್ಟು’ ಎನ್ನುವುದಕ್ಕೆ. ನೀವು ಅಡ್ಡ ನಿಂತರೆ ಅವರು ಜಿಲ್ಲಾಧಿಕಾರಿ ಬಳಿ ಹೋಗಿ ಆದೇಶ ತರುತ್ತಾರೆ. ಪರಿಹಾರ ಸಾಲದಿದ್ದರೆ ನೀವು ಹೋಗಬೇಕಾದದ್ದು ಜಿಲ್ಲಾ ನ್ಯಾಯಾಧೀಶರ ಬಳಿ. ಇವೆರಡನ್ನೂ ಒಂದೇ ಎಂದುಕೊಂಡು ಡಿಸಿ ಕಚೇರಿಗೆ ಅಲೆದು ಸುಸ್ತಾಗುವವರು ತುಂಬಾ ಜನ. ಟೆಲಿಗ್ರಾಫ್ ಕಾಯ್ದೆಯ 17ನೇ ಕಲಂ ಅಡಿ, ಮುಂದೆ ಆ ಜಾಗವನ್ನು ಬೇರೆ ರೀತಿ ಬಳಸಬೇಕಾಗಿ ಬಂದರೆ ಲೈನನ್ನು ಅದೇ ಜಮೀನಿನ ಬೇರೆ ಕಡೆಗೆ ಹಾಕಿ, ಎತ್ತರಿಸಿ ಎಂದು ಕೇಳುವ ಹಕ್ಕೂ ಇದೆ.

ಜೋಗದಲ್ಲಿ 1940ರ ದಶಕದ ಕೊನೆಯಿಂದ, ಲಿಂಗನಮಕ್ಕಿ ಅಣೆಕಟ್ಟು ಆದ 1964ರಿಂದ ಇನ್ನೂ ದೊಡ್ಡ ಮಟ್ಟದಲ್ಲಿ, ಇಲ್ಲಿನ ಕರೆಂಟ್ ದೂರದ ಊರುಗಳಿಗೆ ಹೋಗುತ್ತಿದೆ. ತಲೆ ಮೇಲೆ ಲೈನ್ ಇಟ್ಟುಕೊಂಡು ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದವರ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟನ್ನು ಅರ್ಜಿಯಲ್ಲಿ ಬರೆದರೆ ಮಾತ್ರ ಪ್ರಯೋಜನವಿಲ್ಲ, ಅಲ್ಲಿ ಸರ್ವೆ ನಂಬರ್ ಬರೆಯಿರಿ.

ಟವರ್ ನಿಂತ ಜಾಗಕ್ಕೆ ಪರಿಹಾರದ ಲೆಕ್ಕ ಹೇಗೆ?

66 ಕೆವಿ ಮತ್ತು ಅದಕ್ಕಿಂತ ದೊಡ್ಡ ಲೈನುಗಳಿಗೆ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಇದೆ. 2015ರ ಮಾರ್ಗಸೂಚಿಯಲ್ಲಿ ಟವರಿನ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಇತ್ತು. 2024ರ ಜೂನ್‌ನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಇದು ಮಾರ್ಗಸೂಚಿ ಅಷ್ಟೇ. ರಾಜ್ಯ ಅದನ್ನು ಒಪ್ಪಿಕೊಂಡ ರೀತಿಯಲ್ಲೇ ಜಾರಿ. ಆದ್ದರಿಂದ ನಿಮ್ಮ ಲೈನಿಗೆ ಯಾವ ಆದೇಶ ಹಿಡಿದು ಲೆಕ್ಕ ಹಾಕಿದ್ದಾರೆ ಎಂದು ಲಿಖಿತವಾಗಿ ಕೇಳಿ. ಬೆಳೆ, ಮರದ ಪರಿಹಾರ ಇದರಿಂದ ಬೇರೆ, ಒಂದರಲ್ಲಿ ಇನ್ನೊಂದನ್ನು ಮುಳುಗಿಸಲು ಬಿಡಬೇಡಿ. ಮನೆ ಪಕ್ಕದ 11 ಕೆವಿ ಕಂಬಕ್ಕೆ ಈ ಲೆಕ್ಕ ಸಲ್ಲುವುದಿಲ್ಲ.

ನಮ್ಮದು ಬಗರ್‌ಹುಕುಂ ಜಮೀನು, ಇನ್ನೂ ಸಕ್ರಮ ಆಗಿಲ್ಲ. ನಾವು ಕೇಳುವ ಹಾಗೇ ಇಲ್ಲವಾ?

ನೆಲದ ಪರಿಹಾರ ಕೇಳುವುದು ಕಷ್ಟ. ಆದರೆ ಒಪ್ಪಿಗೆಯ ನಿಯಮದಲ್ಲಿ ಮಾಲೀಕರ ಜೊತೆ ವಾಸ ಇರುವವರ ಮಾತೂ ಬರುತ್ತದೆ, ಆಗುವ ನಷ್ಟಕ್ಕೆ ಪರಿಹಾರ ಎಂಬ ಮಾತೂ ಕಾಯ್ದೆಯಲ್ಲಿದೆ. ನೀವು ಬೆಳೆಸಿದ ಬೆಳೆ, ಕಟ್ಟಿದ ಮನೆಯ ನಷ್ಟವನ್ನು ಬರೆದು ಕೇಳಿ. ಸಕ್ರಮದ ಅರ್ಜಿಯ ನಕಲು ಜೊತೆಗಿಡಿ. ಒಂದು ಎಚ್ಚರಿಕೆ: ಕರೆಂಟ್ ಬಿಲ್ ನಿಮ್ಮ ಹೆಸರಲ್ಲಿದೆ ಎಂದರೆ ಅಲ್ಲಿ ವಾಸ ಇದ್ದೀರಿ ಎಂಬುದಕ್ಕೆ ಸಾಕ್ಷಿ, ಜಮೀನು ನಿಮ್ಮದು ಎಂಬುದಕ್ಕಲ್ಲ.

ತಂತಿ ಹರಿದು ಬಿದ್ದು ಹಸು ಸತ್ತಿತು. ‘ಮಳೆಗೆ ಮರ ಬಿತ್ತು, ನಾವೇನು ಮಾಡೋಣ’ ಅಂತಾರೆ.

ಆ ಮಾತು ನಡೆಯುವುದಿಲ್ಲ. ಇಷ್ಟು ಅಪಾಯದ ವಸ್ತುವನ್ನು ಸಾಗಿಸುವವರು, ತಮ್ಮ ತಪ್ಪಿಲ್ಲದಿದ್ದರೂ, ಅದರಿಂದ ಆದ ಹಾನಿಗೆ ಹೊಣೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. ಅದು ಮನುಷ್ಯ ಸತ್ತ ಪ್ರಕರಣ, ಆದರೆ ತತ್ವ ಒಂದೇ. ಹಸುವನ್ನು ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಪೊಲೀಸರಿಗೆ ದೂರು ಕೊಡಿ. ಅಪಘಾತದ ವರದಿಯನ್ನು ಕಂಪನಿ ವಿದ್ಯುತ್ ಪರಿವೀಕ್ಷಕರಿಗೆ ಕಳಿಸಬೇಕು, ಅದರ ಲಿಖಿತ ವರದಿಗೆ 48 ಗಂಟೆಯ ಗಡುವಿದೆ. ಕಳಿಸಿದ್ದಾರಾ ಎಂದು ನೀವೇ ವಿಚಾರಿಸಿ. ಪರಿಹಾರ ಸಿಗುವುದು ಪರಿವೀಕ್ಷಕರ ವರದಿಯ ಬಲದ ಮೇಲೆ.

ಎಲ್ಲಾ ಕಡೆ ಅರ್ಜಿ ಕೊಟ್ಟಾಯ್ತು, ಯಾರೂ ತಿರುಗಿ ನೋಡ್ತಿಲ್ಲ. ಮುಂದೆ ಎಲ್ಲಿಗೆ?

ಸೆಕ್ಷನ್ ಆಫೀಸ್, ಆಮೇಲೆ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್). ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ವೇದಿಕೆಯ ತೀರ್ಮಾನ ಹಿಡಿಸದಿದ್ದರೆ ಬೆಂಗಳೂರಿನಲ್ಲಿರುವ ವಿದ್ಯುತ್ ಒಂಬುಡ್ಸ್‌ಮನ್‌ಗೆ ಮೇಲ್ಮನವಿ. ಅಪಘಾತ, ಕರೆಂಟ್ ಕಳ್ಳತನದ ಕೇಸುಗಳು ಮಾತ್ರ ಈ ವೇದಿಕೆಗೆ ಬರುವುದಿಲ್ಲ. ಗೋಡೆ, ಜಮೀನಿನ ಮೇಲಿನ ಕಂಬದ ತಕರಾರಾದರೆ ಜಿಲ್ಲಾಧಿಕಾರಿಗೆ 2006ರ ನಿಯಮದ ಹೆಸರು ಹಾಕಿ ನೇರ ಅರ್ಜಿ ಕೊಡಿ. ಆ ನಿಯಮದ ಹೆಸರಿಲ್ಲದ ಅರ್ಜಿ ಸುತ್ತಿ ಸುತ್ತಿ ಮತ್ತೆ ಅದೇ ಸೆಕ್ಷನ್ ಆಫೀಸಿಗೆ ‘ಮುಂದಿನ ಕ್ರಮಕ್ಕಾಗಿ’ ಬಂದು ಬೀಳುತ್ತದೆ.

ಸೈಟ್ ತಗೋಬೇಕು ಅಂತಿದ್ದೇವೆ, ಮೇಲೆ ತಂತಿ ಇದೆ. ಮಾರುವವರು ‘ಲೈನ್ ತೆಗೆಸಿಕೊಡ್ತೀವಿ’ ಅಂತಾರೆ. ನಂಬಬಹುದಾ?

ತೆಗೆಸಿದ ಮೇಲೆ ದುಡ್ಡು ಕೊಡಿ. ಅಷ್ಟು ಹೊತ್ತು ಕಾಯಲಾಗದಿದ್ದರೆ ಮೆಸ್ಕಾಂನಿಂದ ಸ್ಥಳಾಂತರದ ಎಸ್ಟಿಮೇಟ್ ತರಿಸಿ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆದು, ಅದನ್ನೇ ಕರಾರಿನಲ್ಲಿ ಬರೆಸಿ. ಲೈನ್ ಎಷ್ಟು ಕೆವಿಯದು ಎಂದು ಮಾರುವವರನ್ನು ಕೇಳಬೇಡಿ, ಲೈನ್‌ಮನ್‌ನನ್ನು ಕೇಳಿ.